ಸುದ್ದಿ ಎಲ್ಲರಿಗೂ ಗೊತ್ತು, ಆಕೆಗೊಬ್ಬಳಿಗೆ ಬಿಟ್ಟು

(ರಾಯಚೂರಿನಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ನರ್ಸಿಂಗ್ ವಿದ್ಯಾರ್ಥಿನಿಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಮ್ಮ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋದವರು ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕಟ್ಟಡದ ಕೆಲಸ. ಗಂಡ ಗಾರೆ ಕಲಸುತ್ತಾನೆ, ಹೆಂಡತಿ ಇಟ್ಟಿಗೆ ಹೊರುತ್ತಾಳೆ. ಅದು ನಿಜ. ಆದರೆ ಎರಡು ಮೂರು ವರ್ಷ ಅಲ್ಲಿ ತಳವೂರಿದ ಮೇಲೆ ಎಷ್ಟೋ ಹೆಣ್ಣುಮಕ್ಕಳು ಪುಟ್ಟಿ ಕೆಳಗಿಟ್ಟು ಮನೆಗೆಲಸಕ್ಕೆ ಸೇರಿಕೊಳ್ಳುತ್ತಾರೆ. ಬಿಸಿಲಿಲ್ಲ, ತಿಂಗಳಾದರೆ ಪಗಾರ ಬರುತ್ತದೆ, ಮಕ್ಕಳ ಶಾಲೆ ತಪ್ಪುವುದಿಲ್ಲ. ದೇವದುರ್ಗ, ಲಿಂಗಸುಗೂರು, ಮಾನ್ವಿ, ಸಿರವಾರದ ಹಳ್ಳಿಗಳಲ್ಲಿ, ಆಚೆ ಕುಷ್ಟಗಿ, ಯಲಬುರ್ಗಾದಲ್ಲಿ "ಸೊಸಿ ಬೆಂಗಳೂರಾಗ ಮನಿಗೆಲಸಕ್ಕ ಹೋಗ್ತಾಳ್ರಿ" ಅಂತ ಕಟ್ಟೆಯ ಮೇಲೆ ಕೂತ ಮುದುಕಿ ಹೇಳುತ್ತಾಳಲ್ಲ, ಆ ಸೊಸೆಯ ಬಗ್ಗೆ ಇವತ್ತು ಮಾತಾಡುತ್ತೇನೆ. ಆಕೆಗೆ ದೊಡ್ಡ ಕಾಯಿಲೆ ಬಂದಾಗ ಯಾರು ಯಾರಿಗೆ ಏನು ಹೇಳುತ್ತಾರೆ, ಏನನ್ನು ಮುಚ್ಚಿಡುತ್ತಾರೆ, ಅದರಿಂದ ಏನಾಗುತ್ತದೆ ಅನ್ನುವುದಷ್ಟೇ ನನ್ನ ವಿಷಯ.

ಕ್ಯಾನ್ಸರ್ ವಾರ್ಡಿನಲ್ಲಿ ನರ್ಸಾಗಿ ಇದ್ದಷ್ಟು ಕಾಲವೂ ನಾನು ಒಂದೇ ಕ್ರಮವನ್ನು ನೋಡಿದ್ದೇನೆ. ಕಾಯಿಲೆಯ ಹೆಸರು ಮೊದಲು ಗೊತ್ತಾಗುವುದು ಕೆಲಸದ ಮನೆಯ ಯಜಮಾನಿಗೆ. ಆಮೇಲೆ ಗಂಡನಿಗೆ. ಆಮೇಲೆ ಊರಲ್ಲಿರುವ ಭಾವನಿಗೋ ಮೈದುನನಿಗೋ. ಎಲ್ಲರಿಗಿಂತ ಕೊನೆಗೆ ಕಾಯಿಲೆ ಇದ್ದವಳಿಗೆ. ಅದೂ ಯಾರೋ ಕೂತು ಹೇಳಿದ್ದರಿಂದಲ್ಲ, ಪಕ್ಕದ ಮಂಚದವಳ ತಲೆಯಲ್ಲಿ ಕೂದಲು ಇಲ್ಲದ್ದನ್ನು ನೋಡಿ ಆಕೆಯೇ ತಿಳಿದುಕೊಳ್ಳುತ್ತಾಳೆ.

ಒಬ್ಬ ಹೆಣ್ಣುಮಗಳ ವಿಷಯ ವಿವರವಾಗಿ ಹೇಳುತ್ತೇನೆ. ಸಿರವಾರ ಕಡೆಯವಳು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮೂರು ಮನೆಯ ಪಾತ್ರೆ, ಕಸ, ನೆಲ ಒರೆಸುವುದು. ಎದೆಯಲ್ಲಿ ಗಂಟು ಕಂಡು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಕೈ ಮೇಲೆತ್ತಿ ಫ್ಯಾನು ಒರೆಸಲು ಆಗದೆ ಇದ್ದಾಗ ಮನೆಯ ಯಜಮಾನಿ ಗಮನಿಸಿದರು. ಒಳ್ಳೆಯ ಮನಸ್ಸಿನವರು, ತಾವೇ ಕಾರಿನಲ್ಲಿ ಕರೆದುಕೊಂಡು ಹೋದರು, ತಪಾಸಣೆಯ ದುಡ್ಡೂ ಕೊಟ್ಟರು. ಡಾಕ್ಟರು ಅವರ ಜೊತೆ ಇಂಗ್ಲಿಷಿನಲ್ಲಿ ಎಲ್ಲ ಬಿಡಿಸಿ ಮಾತಾಡಿದರು. ಕೊನೆಗೆ ಈಕೆಯ ಕಡೆ ತಿರುಗಿ "ಏನೂ ಭಯ ಇಲ್ಲ, ಸಣ್ಣ ಆಪರೇಷನ್ನು" ಅಂದರು. ಯಜಮಾನಿಯವರೂ ಆಕೆ ಹೆದರಬಾರದೆಂದು ಅಷ್ಟನ್ನೇ ಹೇಳಿದರು. ಆಪರೇಷನ್ ಆಯಿತು. ಕಿಮೊ, ಅಂದರೆ ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧ, ಶುರುವಾಯಿತು. ಮೊದಲನೇ ಸಲ ಕಿಮೊ ಮುಗಿಸಿ, ನೋಡಿಕೊಳ್ಳಲು ಅಲ್ಲಿ ಯಾರೂ ಇಲ್ಲ ಅಂತ ರಾತ್ರಿಯ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಹತ್ತಿ ಊರಿಗೆ ಬಂದಳು.

ಊರಿಗೆ ಬಂದು ವಾರ ಕಳೆಯುತ್ತಿದ್ದಂತೆ ಜ್ವರ. ನರ್ಸಿಂಗ್ ಓದುತ್ತಿರುವವರಿಗೆ ಇದು ಗೊತ್ತಿರಬೇಕು. ಕಿಮೊ ಕೊಟ್ಟ ಏಳರಿಂದ ಹದಿನಾಲ್ಕು ದಿನದ ಒಳಗೆ ರಕ್ತದ ಬಿಳಿ ಕಣಗಳು ಬಹಳ ಇಳಿದಿರುತ್ತವೆ. ಆಗ 100.4 ಡಿಗ್ರಿ ಜ್ವರ ಬಂದರೂ ತುರ್ತು, ಗಂಟೆಗಳ ಲೆಕ್ಕದಲ್ಲಿ ಜೀವಕ್ಕೆ ಬರುತ್ತದೆ. ಊರಿನವರು ಮಾಡಿದ್ದೇನು? ಹಳ್ಳಿಯಲ್ಲಿ ಸೂಜಿ ಹಾಕುವವನನ್ನು ಕರೆಸಿದರು. ಒಂದು ಸೂಜಿ, ನಾಲ್ಕು ಗುಳಿಗೆ. ಮರುದಿನ ಮತ್ತೊಂದು ಸೂಜಿ. ಮೂರನೇ ದಿನ ಮಾತು ತೊದಲಲು ಶುರುವಾದ ಮೇಲೆ ಗಾಡಿ ಮಾಡಿಕೊಂಡು ನಮ್ಮ ಆಸ್ಪತ್ರೆಗೆ ಬಂದರು.

ಆಕೆಯ ಕಾಗದಗಳು ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿದ್ದವು. ನಾನೇ ಬಿಚ್ಚಿ ನೋಡಿದೆ. ರೇಷನ್ ಕಾರ್ಡಿನ ಝೆರಾಕ್ಸ್, ಮಡಚಿ ಮಡಚಿ ಹರಿದ ಸ್ಕ್ಯಾನಿಂಗ್ ರಿಪೋರ್ಟು, ಪಿನ್ನು ಹೊಡೆದ ಮೂರು ಪುಟದ ಡಿಸ್ಚಾರ್ಜ್ ಚೀಟಿ. ಮೂರನೇ ಪುಟದಲ್ಲಿ, ಸಹಿಗಿಂತ ಸ್ವಲ್ಪ ಮೇಲೆ, ಜ್ವರ ಬಂದರೆ ಕೂಡಲೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಬೇಕು ಅಂತ ಇಂಗ್ಲಿಷಿನಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಆ ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ. ಬೆಂಗಳೂರಿನ ಯಜಮಾನಿಯವರಿಗೆ ಡಾಕ್ಟರು ಬಾಯಿಬಿಟ್ಟು ಹೇಳಿದ್ದರಂತೆ. ಅವರು ಫೋನಿನಲ್ಲಿ ಅತ್ತರು, "ನನಗೆ ಗೊತ್ತಿತ್ತು, ಅವಳು ಊರಿಗೆ ಹೋಗ್ತಾಳೆ ಅಂತ ಗೊತ್ತಿರಲಿಲ್ಲ" ಅಂದರು. ಆ ಹೆಣ್ಣುಮಗಳು ಬದುಕಿಕೊಂಡಳು. ಬಹಳ ದಿನ ಐಸಿಯುನಲ್ಲಿ ಇದ್ದು, ಮನೆಯವರು ಸಾಲ ಮಾಡಿ ಬದುಕಿಸಿಕೊಂಡರು. ಕನ್ನಡದಲ್ಲಿ ಹೇಳಬೇಕಾದ ಒಂದು ಸಾಲು ಹೇಳಬೇಕಾದವಳಿಗೆ ತಲುಪದೆ ಆದದ್ದು ಇದು.

ಇಲ್ಲಿ ಯಾರನ್ನೂ ಕೆಟ್ಟವರು ಅನ್ನುವಂತಿಲ್ಲ. ಹಾಗಾಗಿಯೇ ನಾನು ಇದನ್ನು ಆರಿಸಿಕೊಂಡೆ. ಡಾಕ್ಟರು ಯಾರಿಗೆ ಹೇಳಿದರೆ ಬೇಗ ಅರ್ಥವಾಗುತ್ತದೋ ಅವರಿಗೆ ಹೇಳಿದರು. ಯಜಮಾನಿ ಕರುಣೆಯಿಂದ ಮುಚ್ಚಿಟ್ಟರು. ಆದರೆ ಕೆಲಸ ಕೊಟ್ಟವರು ರೋಗಿಯ ಕಿವಿ ಆಗಬಾರದು. ಅವರು ಎಷ್ಟೇ ಒಳ್ಳೆಯವರಿರಲಿ, ಆಕೆಯ ಪಗಾರ ಅವರ ಕೈಯಲ್ಲಿದೆ. ಅವರ ಮುಂದೆ ಆಕೆ "ಸುಸ್ತಾಗ್ತದ" ಅನ್ನುವುದಿಲ್ಲ, "ಬಿಳಿ ಹೋಗ್ತದ" ಅನ್ನುವುದಿಲ್ಲ, "ಈ ಔಷಧ ಬ್ಯಾಡ" ಅಂತಲೂ ಅನ್ನುವುದಿಲ್ಲ.

ಒಪ್ಪಿಗೆಯ ವಿಷಯಕ್ಕೆ ಕಾನೂನು ಸ್ಪಷ್ಟವಾಗಿದೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ತಪಾಸಣೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ್ದ ಹೆಣ್ಣುಮಗಳ ಗರ್ಭಕೋಶವನ್ನು ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ವಯಸ್ಸಿಗೆ ಬಂದ, ಬುದ್ಧಿ ಸರಿಯಿರುವ ಹೆಣ್ಣಿನ ಬದಲು ತಾಯಿ ಕೊಟ್ಟ ಒಪ್ಪಿಗೆ ನಡೆಯುವುದಿಲ್ಲ, ಜೀವ ಹೋಗುವ ತುರ್ತು ಇರಲಿಲ್ಲ, ಎಚ್ಚರವಾಗುವ ತನಕ ಕಾಯಬೇಕಿತ್ತು ಅಂತ ಕೋರ್ಟು ಹೇಳಿತು. ಹೆತ್ತ ತಾಯಿಯ ಒಪ್ಪಿಗೆಯೇ ನಡೆಯದು ಅಂದ ಮೇಲೆ ಕೆಲಸದ ಮನೆಯವರದು, ಕರೆದೊಯ್ದ ಮೇಸ್ತ್ರಿಯದು ಎಲ್ಲಿ ನಡೆದೀತು? ವಾರ್ಡಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರು ಮುಂದೆ ನೀವೇ. ಒತ್ತಿಸುವ ಮುಂಚೆ ಆ ಕಾಗದದಲ್ಲಿ ಏನಿದೆ ಅಂತ ಆಕೆಗೆ ಹೇಳುವವರೂ ನೀವೇ ಆಗಬೇಕು.

ಈಗ ಆಕೆ ಯಾಕೆ ಕೇಳುವುದಿಲ್ಲ ಅನ್ನುವುದಕ್ಕೆ ಬರೋಣ. ವಿದ್ಯಾರ್ಥಿನಿಯರು ನನಗೆ ಹೇಳುವುದುಂಟು, "ಸಿಸ್ಟರ್, ನಾವು ಎಲ್ಲಾ ಹೇಳ್ತೀವಿ, ತಿಳೀತಾ ಅಂತ ಕೇಳಿದ್ರೆ ಹೂನ್ರಿ ಅಂತಾರ, ಹೊರಗ ಹೋಗಿ ಏನೂ ತಿಳೀಲಿಲ್ಲ ಅಂತಾರ." ಆ "ಹೂನ್ರಿ" ಎಲ್ಲಿಂದ ಬಂತು ನೋಡಿ. ಪರರ ಮನೆಯಲ್ಲಿ ದುಡಿಯುವವಳಿಗೆ ಮೊದಲು ಕಲಿಸುವುದೇ ಅದನ್ನು. ಮಾತು ಕಡಿಮೆ ಇದ್ದಷ್ಟೂ ಒಳ್ಳೆಯ ಕೆಲಸದವಳು. ಎರಡನೇ ಸಲ ಕೇಳಿದರೆ ದಡ್ಡಿ, ಮೂರನೇ ಸಲ ಕೇಳಿದರೆ ಎದುರು ಮಾತಾಡುವವಳು. ವರ್ಷಗಟ್ಟಲೆ ತಲೆ ತಗ್ಗಿಸಿ "ಆಯ್ತ್ರಿ" ಅಂದವಳು ಬಿಳಿ ಕೋಟಿನವರ ಮುಂದೆ ಮಾತ್ರ ತಲೆ ಎತ್ತಿ ಪ್ರಶ್ನೆ ಕೇಳುತ್ತಾಳೆ ಅಂದುಕೊಳ್ಳುವುದು ನಮ್ಮ ತಪ್ಪು. 2011ರ ಜನಗಣತಿಯ ಹೊತ್ತಿಗೂ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಓದು ಬರಹ ಬಲ್ಲವರು ಅರ್ಧಕ್ಕಿಂತ ಕಡಿಮೆ ಇದ್ದರು. ಚೀಟಿ ಕೊಟ್ಟು ಕಳಿಸಿದರೆ ಕೆಲಸ ಮುಗಿಯಿತು ಅನ್ನುವ ಹಾಗಿಲ್ಲ.

"ತಿಳೀತಾ?" ಅನ್ನುವ ಪ್ರಶ್ನೆಯನ್ನು ಬಿಟ್ಟುಬಿಡಿ. ಅದಕ್ಕೆ ಉತ್ತರ ಒಂದೇ ಇರುತ್ತದೆ. ನಾನು ಕೇಳುತ್ತಿದ್ದದ್ದು ಹೀಗೆ: "ಮನಿಗೆ ಹೋದ ಮ್ಯಾಲ ನಿಮ್ಮತ್ತಿ ಕೇಳ್ತಾಳ, ದವಾಖಾನ್ಯಾಗ ಏನಂದ್ರು ಅಂತ. ಏನ್ ಹೇಳ್ತಿ ಯವ್ವಾ?" ಆಗ ಆಕೆ ತನ್ನ ಮಾತಿನಲ್ಲಿ ಹೇಳುತ್ತಾಳೆ. ಏನು ತಿಳಿದಿದೆ, ಏನು ತಿಳಿದಿಲ್ಲ, ಎಲ್ಲಿ ತಪ್ಪು ತಿಳಿದುಕೊಂಡಿದ್ದಾಳೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಕರೆಂಟ್ (ರೇಡಿಯೇಷನ್ ಚಿಕಿತ್ಸೆ) ಕೊಡುತ್ತಾರೆ ಅಂತ ಕೇಳಿ, ಮೈಗೆ ಶಾಕ್ ಹೊಡೆಸುತ್ತಾರೆ ಅಂತ ರಾತ್ರಿಯೆಲ್ಲ ಕೂತೇ ಕಳೆದ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಯಾರೂ ಅವರನ್ನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಕಾಯಿಲೆ ಹೇಳಿಕೊಳ್ಳದೆ ಇರುವುದಕ್ಕೆ ಹೊಟ್ಟೆಪಾಡಿನ ಕಾರಣ ಬೇರೆ ಇದೆ. ನಾಲ್ಕು ದಿನ ಬರಲಿಲ್ಲ ಅಂದರೆ ಐದನೇ ದಿನ ಆ ಮನೆಗೆ ಬೇರೊಬ್ಬಳು ಬಂದಿರುತ್ತಾಳೆ. ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿದ ಮೊದಲ ರಾಜ್ಯ ನಮ್ಮದು, 2004ರಲ್ಲಿ. ಆದರೆ ಕಾಯಿಲೆ ಬಿದ್ದ ದಿನದ ಪಗಾರ? ಅದು ಯಜಮಾನರ ದಯೆ. ಮನೆಗೆಲಸದವರಿಗೂ ಉಳಿದ ಕಾರ್ಮಿಕರಷ್ಟೇ ಹಕ್ಕು ಇರಬೇಕು ಅನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೇ ಒಡಂಬಡಿಕೆ 2011ರಲ್ಲೇ ಬಂದಿದೆ, ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಇವರಿಗಾಗಿ ಒಂದು ಕಾನೂನು ಬೇಕೋ ಬೇಡವೋ ನೋಡಿ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಕೇಂದ್ರಕ್ಕೆ ಸಮಿತಿ ಮಾಡಲು ಹೇಳಬೇಕಾಯಿತು. ಅಲ್ಲಿಯವರೆಗೆ ಕೆಮ್ಮು ಬಂದರೆ ಸೆರಗು ಬಾಯಿಗೆ ಇಟ್ಟುಕೊಂಡು ಕೆಮ್ಮುವುದೇ ಆಕೆಗೆ ಉಳಿದ ದಾರಿ.

ಕೆಮ್ಮಿನ ಮಾತು ಬಂತು, ಟಿಬಿಯ ವಿಷಯ ಹೇಳಿಬಿಡುತ್ತೇನೆ. ಮನೆಯಲ್ಲೇ ಇದ್ದು ಕೆಲಸ ಮಾಡುವ ಹುಡುಗಿಗೆ ಟಿಬಿ ಅಂತ ಗೊತ್ತಾದ ದಿನವೇ ಬಟ್ಟೆ ಗಂಟು ಕಟ್ಟಿಸಿ ಬಸ್ಸು ಹತ್ತಿಸುತ್ತಾರೆ. ಮನೆಯಲ್ಲಿ ಮಕ್ಕಳಿದ್ದಾರೆ ಅನ್ನುವ ಭಯ ಅವರಿಗೆ. ಸರಿಯಾದ ಔಷಧ ಶುರುವಾಗಿ ಎರಡು ವಾರ ಆಗುವಷ್ಟರಲ್ಲಿ ಹೆಚ್ಚಿನವರಿಂದ ಸೋಂಕು ಹರಡುವ ಸಾಧ್ಯತೆ ಬಹಳ ಕಡಿಮೆ ಆಗುತ್ತದೆ ಅಂತ ಅವರಿಗೂ ಯಾರೂ ಹೇಳಿರುವುದಿಲ್ಲ. ಹುಡುಗಿ ಊರಿಗೆ ಬರುತ್ತಾಳೆ. ಅಲ್ಲಿ ಕೊಟ್ಟ ಗುಳಿಗೆ ಮುಗಿಯುತ್ತವೆ. ಮೂತ್ರ ಕೇಸರಿ ಬಣ್ಣಕ್ಕೆ ಬಂದದ್ದನ್ನು ನೋಡಿ ರಕ್ತ ಹೋಗುತ್ತಿದೆ ಅಂತ ಹೆದರಿ, ಮುಗಿಯುವ ಮುಂಚೆಯೇ ಬಿಟ್ಟವರೂ ಇದ್ದಾರೆ. ಅದು ರಿಫಾಂಪಿಸಿನ್ ಗುಳಿಗೆಯ ಬಣ್ಣ ಅಂತ ಮೊದಲ ದಿನವೇ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಆಶಾ ಅಕ್ಕಂದಿರು ಇದನ್ನು ಗಮನವಿಟ್ಟು ಕೇಳಬೇಕು. ಬೆಂಗಳೂರಿನಲ್ಲಿ ಶುರುವಾದ ಟಿಬಿ ಚಿಕಿತ್ಸೆಯನ್ನು ನಿಮ್ಮ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ವರ್ಗ ಮಾಡಿಸಿಕೊಳ್ಳಬಹುದು. ನಿಕ್ಷಯ್ ಐಡಿ ಅಂತ ಒಂದು ನಂಬರು ಇರುತ್ತದೆ, ದೇಶದಲ್ಲಿ ಎಲ್ಲಿ ಹೋದರೂ ಅದೇ ನಂಬರು. ಆರು ತಿಂಗಳ ಔಷಧವೂ ಪುಕ್ಕಟೆ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ, 2024ರ ನವೆಂಬರಿಗೆ ಮುಂಚೆ 500 ಇತ್ತು. ಹುಡುಗಿಗೆ ಇದು ಗೊತ್ತಿಲ್ಲ. ಊರಿನವರಿಗೆ ಆಕೆ "ಮೈಯಾಗ ಆರಾಮಿಲ್ಲ, ಅದಕ ಬಂದೀನಿ" ಅಂದಿರುತ್ತಾಳೆ, ಟಿಬಿ ಅನ್ನುವುದಿಲ್ಲ, ಹಾಗಂದರೆ ಮದುವೆ ನಿಲ್ಲುತ್ತದೆ. ಆದ್ದರಿಂದ ಅಂಗಳದಲ್ಲಿ ನಿಂತು, ನಾಲ್ಕು ಜನರ ಮುಂದೆ "ಏನಾಗ್ಯಾದ ನಿನಗ?" ಅಂತ ಕೇಳಬೇಡಿ. ನೀರಿಗೆ ಹೋಗುವಾಗ ಜೊತೆಗೆ ಹೋಗಿ, ಒಬ್ಬಳೇ ಇದ್ದಾಗ ಕೇಳಿ.

ತಾಂಡಾಗಳ ಹೆಣ್ಣುಮಕ್ಕಳದು ಇನ್ನೊಂದು ಬಗೆ. ಮನೆಯ ಮಾತು ಲಂಬಾಣಿ. ಕನ್ನಡ ಬರುತ್ತದೆ, ಆದರೆ ಸಂತೆಗೆ, ಕೂಲಿಗೆ ಬೇಕಾದಷ್ಟು. ಮೈಯ ಒಳಗಿನ ನೋವು ಹೇಳಿಕೊಳ್ಳುವಷ್ಟಲ್ಲ. ಜೊತೆಗೆ ಬಂದ ಮಗನೋ ಮಗಳೋ ನಡುವೆ ನಿಂತು ಹೇಳಬೇಕು. ಒಮ್ಮೆ ಏಳನೇ ಈಯತ್ತೆಯ ಹುಡುಗಿ, ಯೂನಿಫಾರ್ಮ್ ಹಾಕಿಕೊಂಡೇ ಬಂದಿದ್ದಳು. ತಾಯಿಗೆ ಗರ್ಭಕೊರಳಿನ (ಗರ್ಭಕೋಶದ ಬಾಯಿಯ) ಕ್ಯಾನ್ಸರ್. ಡಾಕ್ಟರು ಕೇಳಿದರು, ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋಗುತ್ತದಾ ಕೇಳಮ್ಮ ಅಂತ. ಆ ಹುಡುಗಿ ನೆಲ ನೋಡುತ್ತಾ ನಿಂತಳು. ಸ್ವಲ್ಪ ಹೊತ್ತಿಗೆ ತಾಯಿಗೆ ಏನೋ ಕೇಳಿದಳು, ತಾಯಿ ಏನೋ ಹೇಳಿದಳು, ಹುಡುಗಿ "ಇಲ್ಲಂತ್ರಿ" ಅಂದಳು. ಆ ಮಗು ಬೇರೆ ಏನನ್ನೋ ಕೇಳಿತ್ತು ಅಂತ ನನಗೆ ಆಗಲೇ ಅನಿಸಿತು. ಆಮೇಲೆ ನಾವು ವಾರ್ಡಿನಲ್ಲಿದ್ದ ಲಂಬಾಣಿ ಸಿಬ್ಬಂದಿಯೊಬ್ಬರನ್ನು ಕರೆಸಿ ಕೇಳಿಸಿದಾಗ ಬೇರೆಯೇ ಕಥೆ ಹೊರಬಂತು.

ತಾಯಿಗೆ ಕ್ಯಾನ್ಸರ್ ಅಂತ ಮಗು ತಾನೇ ತಾಯಿಗೆ ಹೇಳಬೇಕಾದ ಸ್ಥಿತಿಯನ್ನು ನಾವು ತರಬಾರದು. ಇದನ್ನು ನಾನು ಕೈಮುಗಿದು ಕೇಳುತ್ತೇನೆ. ನಿಮ್ಮ ಬ್ಯಾಚಿನಲ್ಲೇ ತಾಂಡಾದಿಂದ ಬಂದ ಹುಡುಗಿಯರಿದ್ದೀರಿ. ನಿಮಗೆ ಬರುವ ಮಾತು ಆಸ್ಪತ್ರೆಗೆ ಬೇಕಾದ ಮಾತು. ನಾಚಿಕೆ ಪಡದೆ "ನನಗ ಬರ್ತದ ಸರ್, ನಾ ಕೇಳ್ತೀನಿ" ಅನ್ನಿ. ಎದುರಿಗೆ ಯಾರೂ ಸಿಗದಿದ್ದರೆ ಫೋನಿನ ಸ್ಪೀಕರಿನಲ್ಲಿ ಗೊತ್ತಿರುವ ಹಿರಿಯ ಹೆಣ್ಣುಮಗಳಿಂದ ಕೇಳಿಸಬಹುದು. ರೋಗಿ ಒಪ್ಪಿದರೆ ಮಾತ್ರ.

ನಮ್ಮಲ್ಲಿ ಬಾಯಿ ಕ್ಯಾನ್ಸರ್ ಕಡಿಮೆಯೇನಿಲ್ಲ. ಎಲೆ ಅಡಿಕೆ ಜೊತೆ ತಂಬಾಕು, ಕೆಲಸದ ನಡುವೆ ಹಸಿವು ತಡೆಯಲು ಗುಟ್ಕಾ. ಬೆಳಿಗ್ಗೆಯಿಂದ ಮೂರು ಮನೆ ಸುತ್ತಿ ಮಧ್ಯಾಹ್ನದ ತನಕ ಹೊಟ್ಟೆಗಿಲ್ಲದವಳಿಗೆ ಅದೇ ಆಸರೆ. ನಾಲಿಗೆಯೋ ದವಡೆಯೋ ತೆಗೆದ ಮೇಲೆ ಮಾತೇ ಹೋಗುತ್ತದೆ, ಇಲ್ಲವೇ ಗಂಟಲಿಗೆ ಕೊಳವೆ ಹಾಕಿರುತ್ತಾರೆ. ಓದಿದವರಿಗೆ ಪಾಟಿ, ಬಳಪ ಕೊಡುತ್ತೇವೆ. ಅಕ್ಷರ ಬಾರದವಳಿಗೆ? ಆಪರೇಷನ್ ಆಗಿ ಎಚ್ಚರವಾದವಳು ಏನೋ ಕೇಳುತ್ತಾ ಕೈ ಆಡಿಸುತ್ತಾಳೆ, ನಾವು ನೀರು ತರುತ್ತೇವೆ, ಹೊದಿಕೆ ಹೊದಿಸುತ್ತೇವೆ, ಅದಾವುದೂ ಅಲ್ಲ. ಕಣ್ಣಲ್ಲಿ ನೀರು ಬಂದು ಕೊನೆಗೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ.

ಇದಕ್ಕೆ ಮಾಡಬೇಕಾದದ್ದನ್ನು ಆಪರೇಷನ್ನಿನ ಹಿಂದಿನ ದಿನವೇ ಮಾಡಬೇಕು. ಆಕೆಯ ಪಕ್ಕ ಕೂತು ಸನ್ನೆಗಳನ್ನು ಗೊತ್ತು ಮಾಡಿಕೊಳ್ಳಬೇಕು. ನೋವಿಗೆ ಯಾವುದು, ಉಸಿರು ಕಟ್ಟಿದರೆ ಯಾವುದು, ಮೂತ್ರಕ್ಕೆ ಯಾವುದು, ಮಗನನ್ನು ಕರೆಯಿರಿ ಅನ್ನಲು ಯಾವುದು. ಸನ್ನೆ ನಾವು ಕಲಿಸುವುದಕ್ಕಿಂತ ಆಕೆಯೇ ತೋರಿಸಿದರೆ ಒಳ್ಳೆಯದು, ಮರೆಯುವುದಿಲ್ಲ. ಒಬ್ಬಾಕೆ ಉಸಿರು ಕಟ್ಟುವುದಕ್ಕೆ ಮಂಚದ ಕಬ್ಬಿಣಕ್ಕೆ ಬಳೆ ಬಡಿಯುತ್ತೇನೆ ಅಂದಳು. ಬಳೆ ಬಿಚ್ಚಿಸಿಯೇ ಥಿಯೇಟರಿಗೆ ಒಯ್ಯುವುದು ಅಂತ ಹೇಳಿದೆವು. "ಹಂಗಾರ ಚಮಚ ಕೊಡ್ರಿ" ಅಂದಳು. ಆ ಚಮಚ ಅವಳ ತಲೆದಿಂಬಿನ ಪಕ್ಕದಲ್ಲಿ ಇರುವಂತೆ ಮೂರು ಪಾಳಿಯವರೂ ನೋಡಿಕೊಂಡೆವು, ಕೊಳವೆಯಲ್ಲಿ ಕಫ ಕಟ್ಟಿದ ರಾತ್ರಿ ಅದೇ ಆಕೆಯನ್ನು ಉಳಿಸಿತು. ಕಾಗದದ ಮೇಲೆ ಚಿತ್ರ ಬರೆದುಕೊಂಡರೂ ನಡೆಯುತ್ತದೆ. ಔಷಧದ ಚೀಟಿಯಲ್ಲೂ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದು ಕೊಡಿ, ಪೆನ್ನು ನಿಮ್ಮ ಜೇಬಿನಲ್ಲೇ ಇರುತ್ತದೆ.

ಕಾಗದಗಳ ವಿಷಯ ಬೇಗ ಹೇಳುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ರಾಯಚೂರಿನ ರೇಷನ್ ಕಾರ್ಡು ಬೆಂಗಳೂರಿನಲ್ಲೂ ನಡೆಯುತ್ತದೆ. ತೊಡಕಿರುವುದು ಬೇರೆ ಕಡೆ. ಕಾರ್ಡು ಊರಲ್ಲಿ ಅತ್ತೆಯ ಟ್ರಂಕಿನಲ್ಲಿರುತ್ತದೆ. ಎಷ್ಟೋ ಸಲ ಆಕೆಯ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ ಇರುತ್ತದೆ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು ಅನ್ನುವುದು ಗೊತ್ತಿಲ್ಲದೆ ಮೊದಲು ಖಾಸಗಿಯಲ್ಲಿ ಓಲೆ, ಗುಂಡು ಮಾರಿ ಖರ್ಚು ಮಾಡಿರುತ್ತಾರೆ. ನೇರ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದವರು ಕಾರ್ಡಿಗಾಗಿ ಮತ್ತೆ ಊರಿಗೆ ಬಂದು ಹೋಗುವಷ್ಟರಲ್ಲಿ ಎರಡು ವಾರ ಹೋಗಿರುತ್ತದೆ. ಗುಳೆ ಹೋಗುವ ಮುಂಚೆಯೇ ಕಾರ್ಡಿನ ಫೋಟೊ ಆಕೆಯ ಫೋನಿನಲ್ಲಿ ಇರುವಂತೆ, ಹೆಸರು ಗಂಡನ ಮನೆಯ ಕಾರ್ಡಿಗೆ ಸೇರುವಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಹಳೆಯ ಕಾಗದ ಕಳೆದಿದ್ದರೆ ಆಸ್ಪತ್ರೆಯಿಂದ ದಾಖಲೆಯ ಪ್ರತಿ ಕೇಳಬಹುದು. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡಾವಳಿಯ 2002ರ ನಿಯಮವೇ ಹೇಳುತ್ತದೆ. ಏನು ಕೇಳಬೇಕು ಅಂತ ತಿಳಿಯದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿಸಿ, ಕನ್ನಡದಲ್ಲಿ ಮಾತಾಡುತ್ತಾರೆ.

ನಿಮ್ಮಲ್ಲಿ ಒಬ್ಬರು ಮೊದಲೇ ಚೀಟಿಯಲ್ಲಿ ಕೇಳಿದ್ದೀರಿ: "ಮನಿಯವರೇ ಆಕಿಗೆ ಹೇಳಬ್ಯಾಡ್ರಿ, ಎದಿ ಒಡಕೊಂಡು ಸಾಯ್ತಾಳ ಅಂತಾರ, ಆಗ ಏನ್ ಮಾಡಬೇಕು?" ಇದು ಎಲ್ಲಕ್ಕಿಂತ ಕಷ್ಟದ್ದು. ಗಂಡನ ಮೇಲೆ ಸಿಟ್ಟಾಗಬೇಡಿ, ಅವನೂ ಹೆದರಿದ್ದಾನೆ. ಅವನನ್ನು ಹೊರಗೆ ಕೂರಿಸಿ, ನಿನಗೇನು ಭಯ ಅಂತ ಮೊದಲು ಅವನನ್ನು ಕೇಳಿ. ಆಮೇಲೆ ಆಕೆಯ ಹತ್ತಿರ ಕೂತು, "ನಿನಗ ಏನಾಗ್ಯಾದ ಅಂತ ತಿಳ್ಕೊಂಡಿ?" ಅಂತ ಕೇಳಿ. ಬಹಳ ಸಲ ಆಕೆಗೆ ಗೊತ್ತೇ ಇರುತ್ತದೆ. ಗಂಡ ಹೆದರುತ್ತಾನೆ ಅಂತ ಆಕೆ ಮುಚ್ಚಿಟ್ಟಿರುತ್ತಾಳೆ, ಆಕೆ ಹೆದರುತ್ತಾಳೆ ಅಂತ ಅವನು. "ಎಲ್ಲಾ ಹೇಳಬೇಕೇನು, ಎಷ್ಟು ಬೇಕೋ ಅಷ್ಟೇ ಹೇಳಲೇನು, ಯಾರು ಪಕ್ಕದಾಗ ಇರಬೇಕು" ಅಂತ ಆಕೆಯನ್ನೇ ಕೇಳಿ. "ನಂಗೇನೂ ಹೇಳಬ್ಯಾಡ, ಅಣ್ಣಗ ಹೇಳು" ಅಂದರೆ ಅದೂ ಆಕೆಯ ಮಾತೇ, ಅದನ್ನೂ ನಡೆಸಿಕೊಡಿ. ಆದರೆ ಹಾಗಂತ ಆಕೆಯೇ ಹೇಳಬೇಕು. ಗುಣವಾಗದ ಕಾಯಿಲೆ ಅಂತಾದರೆ ಇದು ಇನ್ನೂ ಮುಖ್ಯ. ತನಗೆ ಎಷ್ಟು ದಿನ ಇದೆ ಅಂತ ಗೊತ್ತಿದ್ದರೆ ಆಕೆ ಕೊನೆಯ ತಿಂಗಳುಗಳನ್ನು ಪರರ ಪಾತ್ರೆ ತಿಕ್ಕುತ್ತಾ ಕಳೆಯುತ್ತಿರಲಿಲ್ಲ. ಊರಿಗೆ ಬಂದು ಮಕ್ಕಳ ಜೊತೆ ಇರುತ್ತಿದ್ದಳು. ಹಾಗೆ ಬರಲಾಗದೆ ಹೋದ ತಾಯಂದಿರನ್ನು ನಾನು ಬಲ್ಲೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ಒಂದು ಕೆಲಸವನ್ನು ನಾವೆಲ್ಲ ಸೇರಿ ಮಾಡಬಹುದು. ಮೂವತ್ತು ದಾಟಿದ ಎಲ್ಲರಿಗೂ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಆಗಬೇಕು ಅಂತ ಸರ್ಕಾರದ ಕಾರ್ಯಕ್ರಮವಿದೆ. ಊರಲ್ಲಿ ತಪಾಸಣೆ ಆಗುವಾಗ ಇವರು ಬೆಂಗಳೂರಿನಲ್ಲಿ. ಬೆಂಗಳೂರಿನಲ್ಲಿ ಆಗುವಾಗ ಯಾರದೋ ಅಡುಗೆ ಮನೆಯಲ್ಲಿ. ನಿಮ್ಮ ರಿಜಿಸ್ಟರಿನಲ್ಲಿ ಆ ಮನೆಗಳ ಮುಂದೆ "ವಲಸೆ" ಅಂತ ಬರೆದಿದ್ದೀರಿ, ಆ ಪಟ್ಟಿಯನ್ನು ಹೊರತೆಗೆಯಿರಿ. ನಮ್ಮ ಕಡೆ ಗುಳೆ ಹೋದವರು ಉಗಾದಿಗೆ ಬರುತ್ತಾರೋ ಇಲ್ಲವೋ, ಮೊಹರಮ್ಮಿಗೆ ಬಂದೇ ಬರುತ್ತಾರೆ. ಮುದಗಲ್ಲಿನ ಕಡೆಯಂತೂ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಲಾಯಿ ಕುಣಿ (ಮೊಹರಮ್ಮಿಗೆ ಬೆಂಕಿ ಹಾಕುವ ಗುಂಡಿ) ತೋಡಿದ ದಿನದಿಂದ ಊರು ತುಂಬಿರುತ್ತದೆ. ಹಬ್ಬದ ದಿನ ಪಿಎಚ್‌ಸಿಗೆ ರಜೆ, ಅದಕ್ಕೆ ಹಿಂದಿನ ಎರಡು ಮೂರು ದಿನ ಸಂಜೆ ಹೊತ್ತಿಗೆ ತಪಾಸಣೆ ಇಡಿ ಅಂತ ವೈದ್ಯಾಧಿಕಾರಿಗಳನ್ನು ನೀವೇ ಕೇಳಬೇಕು. ಗರ್ಭಕೊರಳಿಗೆ ವಿನೆಗರ್ ತರಹದ ದ್ರಾವಣ ಹಚ್ಚಿ ನೋಡುವ ಪರೀಕ್ಷೆಯ ಫಲಿತಾಂಶ ಅಲ್ಲೇ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ, ಹಬ್ಬ ಮುಗಿದ ಮರುದಿನ ಬಸ್ಸು ಹತ್ತುವವರಿಗೆ ಅದೇ ಸರಿ. ಪರೀಕ್ಷೆ ಮಾಡುವವರು ಹೆಣ್ಣುಮಕ್ಕಳೇ ಇರಲಿ, ಬಾಗಿಲಿಗೆ ಪರದೆ ಇರಲಿ, ಅತ್ತೆ ಹೊರಗೆ ಕೂರಲಿ. ಏನಾದರೂ ಕಂಡರೆ ಆಕೆಗೇ ಹೇಳಿ, ಎಲ್ಲಿಗೆ ಯಾವ ವಾರ ಹೋಗಬೇಕು ಅನ್ನುವುದನ್ನು ಆಕೆಯ ಬಾಯಿಂದ ಮತ್ತೊಮ್ಮೆ ಹೇಳಿಸಿ. ಫೋನ್ ನಂಬರು ಬರೆದುಕೊಳ್ಳುವಾಗ ಅದು ಆಕೆಯದೋ ಗಂಡನದೋ ಕೇಳಿ, ಮನೆಗೆಲಸ ಮುಗಿಸಿ ಯಾವ ಹೊತ್ತಿಗೆ ಫೋನು ಆಕೆಯ ಕೈಗೆ ಬರುತ್ತದೆ ಅನ್ನುವುದನ್ನೂ ನಂಬರಿನ ಪಕ್ಕದಲ್ಲೇ ಬರೆದಿಡಿ.